ಕಣಜ

ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ
ಒಂದೇ ಮಡಕೆ ಬರೆದೆ.
ಮೊದಲು ನಡುಗೆರೆ, ಆಮೇಲೆ ಎಡಹೊಟ್ಟೆ,
ಎಡದಷ್ಟೇ ಬಲ, ಬಾಯಿಗೊಂದು ಮಲಗಿದ ಸೊನ್ನೆ,
ಪಕ್ಕಕ್ಕೆ ಎರಡು ಬದನೆಕಾಯಿ.
ಲೋಯರ್ ಗ್ರೇಡಿಗೆ ಇಷ್ಟು ಸಾಕು ಅನ್ನುತ್ತಿದ್ದೆ.
ಅಷ್ಟರಲ್ಲಿ ಗಣಿತದವರು ಬಾಗಿಲಲ್ಲಿ ನಿಂತು
ನಿಮ್ಮ ಪಿರಿಯಡ್ಡು ಕೊಡ್ತೀರಾ, ಪೋರ್ಷನ್ ಮುಗಿದಿಲ್ಲ, ಅನ್ನುತ್ತಿದ್ದರು.
ಕೊಡುತ್ತಿದ್ದೆ.

ಈಗ ಅರಸೀಕೆರೆಯ ರೈಲ್ವೆ ಗೇಟಿನಾಚೆ
ತಗಡಿನ ಶೆಡ್ಡಿನಲ್ಲಿ ತಿಗರಿಯ ಮುಂದೆ ಮಂಡಿಯೂರಿದರೆ
ನಡುಗೆರೆ ಎಲ್ಲಿ ಎಂದು ಮಣ್ಣು ಕೇಳುವುದಿಲ್ಲ.
ಶಿವಮೊಗ್ಗದ ಗಾಡಿ ಹಾಯುವಾಗ
ನೆಲ ಅದುರುತ್ತದೆ, ನೆಲದೊಂದಿಗೆ ತಿಗರಿ,
ಆಗಷ್ಟೇ ಎದ್ದು ನಿಲ್ಲುತ್ತಿದ್ದ ಹಸಿ ಗೋಡೆ
ಸೊಂಟ ಕಳಚಿ ಕೂತುಬಿಡುತ್ತದೆ.
ಮೊದಮೊದಲು ರೈಲನ್ನು ಬೈಯುತ್ತಿದ್ದೆ.

ಮಣ್ಣು ತಂದುಕೊಡುವವನು ಗುಂಡೇಶ, ಗೂಡ್ಸ್ ಆಟೋದವನು.
ಏಳನೇ ಬಿ, ಕಿಟಕಿ ಪಕ್ಕದ ಬೆಂಚು.
ಒಮ್ಮೆ ಓರೆ ಮಡಕೆ ಬರೆದಿದ್ದ,
ಒಂದೇ ಕಡೆ ಹೊಟ್ಟೆ ಉಬ್ಬಿ, ಕತ್ತು ವಾಲಿ,
ಯಾರೋ ಕೂಗಿದರೆಂದು ತಿರುಗಿದ ಹಾಗೆ.
ಇದೇನೋ ಇದು?
‘ನಮ್ಮಜ್ಜಿ ಮಾಡೋದು ಹಿಂಗೇಯ ಮಿಸ್.’
ಹತ್ತಕ್ಕೆ ಮೂರು ಕೊಟ್ಟೆ.
ಕೆಂಪು ಶಾಯಿಯಲ್ಲಿ ಆ ಹೊಟ್ಟೆ ಸೀಳಿ
ನಡುಗೆರೆ ಎಳೆದು ತೋರಿಸಿದೆ ಕೂಡ.

ನೆನಪಿದೆಯೇನೋ ಎಂದೆ ಹೋದ ತಿಂಗಳು.
‘ಇಲ್ಲ ಮಿಸ್, ಡ್ರಾಯಿಂಗಲ್ಲಿ ನಂಗೆ ಇಂಟ್ರೆಸ್ಟೇ ಇರ್ಲಿಲ್ಲ.
ನಾಲ್ಕು ಚೀಲಕ್ಕೆ ಇನ್ನೂರ ನಲವತ್ತಾಯ್ತು.’
ಅಜ್ಜಿಯ ತಿಗರಿ ಯಾವತ್ತೋ ಒಲೆಗೆ ಹೋಯಿತಂತೆ.
ದುಡ್ಡು ಕೊಟ್ಟೆ.
ಉಳಿದ ಏಳು ಅಂಕ ನನ್ನ ಕೈಯಲ್ಲೇ ಉಳಿಯಿತು.

ಯುಗಾದಿ ಕಳೆದ ಮೇಲೊಂದು ಮಧ್ಯಾಹ್ನ
ಮಣ್ಣು ನೆನೆಹಾಕಿದ ಬಕೆಟ್ಟಿಗೆ ಬಂತು ಒಂದು ಕಣಜ.
ನನ್ನನ್ನೇನೂ ಕೇಳಲಿಲ್ಲ.
ಕಡಲೆಕಾಳಿನಷ್ಟು ಕೆಸರು ದವಡೆಯಲ್ಲಿ ಕಚ್ಚಿ
ಫ್ಯಾನಿನ ಸ್ವಿಚ್ಚಿನ ಮೇಲೆ
ಹಿಂದೆ ಹಿಂದೆ ನಡೆಯುತ್ತ ಬಳಿಯಿತು.
ಎಣಿಸಿದೆ, ಇಪ್ಪತ್ತಾರು ಸಲ.
ತಿಗರಿ ಇಲ್ಲ. ಗೆರೆ ಇಲ್ಲ.
ತನ್ನ ನೂಲುಸೊಂಟ ಬಾಗಿದಷ್ಟೇ ಸುತ್ತಳತೆ.
ಕೊನೆಗೆ ಬಾಯಿ, ಬಾಯಿಗೊಂದು ಹೊರಚಾಚಿದ ತುಟಿ.
ನಾನು ಬರೆದ ಅಷ್ಟು ಸಾವಿರ ಬಾಯಿಗಳಲ್ಲಿ
ಒಂದಕ್ಕೂ ಇರಲಿಲ್ಲ ಅಂಥ ತುಟಿ.

ಆಮೇಲೆ ಹಸಿರು ಹುಳಗಳನ್ನು ಹೊತ್ತು ತಂದು
ಒಂದೊಂದೇ ಒಳಗೆ ತುರುಕಿತು,
ಹುಟ್ಟಲಿರುವ ಮರಿಗೆ ಬುತ್ತಿ.
ಕಾಳು ತುಂಬಿಡುವುದೂ ಕಣಜ, ಈ ಹುಳವೂ ಕಣಜ!
ಕನ್ನಡ ಪಂಡಿತರು ಎರಡಕ್ಕೂ ಬೇರೆ ಬೇರೆ ಬೇರು ತೋರಿಸಿಯಾರು.
ನನಗೆ ಆ ಮಧ್ಯಾಹ್ನ ಅದೇ ಒಂದು ವ್ಯಾಕರಣ.
ಬಾಯಿ ಮುಚ್ಚುವಾಗ ಮಾತ್ರ
ಎದೆ ಧಸಕ್ಕೆಂದಿತು,
ಅಷ್ಟು ಚೆಂದದ ತುಟಿಯನ್ನು ತಾನೇ ಕಿತ್ತು
ಮುಚ್ಚಳಕ್ಕೆ ಮೆತ್ತಿ, ತಿರುಗಿಯೂ ನೋಡದೆ ಹಾರಿತು.

ಅಂದಿನಿಂದ ಕೆರೆದಂಡೆಯಲ್ಲಿ ಅಲೆಯುತ್ತೇನೆ.
ಎಕ್ಕದ ಕಾಯಿ ಬಿರಿದ ಪರಿ, ಹುತ್ತದ ಮೂತಿ,
ತೆಂಗಿನ ಗರಿಬುಡದ ಒರಟು ಬಲೆ,
ನುಸಿ ಹತ್ತಿದ ಕಾಯಿಯ ಕಂದು ತರಚು
ಎಲ್ಲವನ್ನೂ ಹಸಿ ಮಣ್ಣಿಗೊತ್ತುತ್ತೇನೆ.
ಹಾಸನದಿಂದ ಬಂದಾಕೆ ಕೇಳಿದಳು,
ಇದೇ ಥರದ್ದು ಇನ್ನೊಂದು ಸಿಗುತ್ತಾ, ಜೋಡಿ ಬೇಕು.
ಎಕ್ಕದ ಗಿಡವನ್ನು ಕೇಳಿ ನೋಡಿ ಎಂದೆ.
ಕೊಳ್ಳದೆ ಹೋದಳು.

ಮೊನ್ನೆ ರೈಲು ಹಾದಾಗ ವಾಲಿದ ಒಂದನ್ನು
ಎತ್ತಿ ನಿಲ್ಲಿಸಲಿಲ್ಲ, ಹಾಗೆಯೇ ಸುಟ್ಟೆ.
ಗುಂಡೇಶ ಚೀಲ ಇಳಿಸುತ್ತ ನೋಡಿ
‘ಸೊಟ್ಟ ಆಗೈತಲ್ಲ ಮಿಸ್’ ಎಂದ.
ಗೊತ್ತು ಕಣೋ. ಹತ್ತಕ್ಕೆ ಎಷ್ಟು ಕೊಡ್ತೀಯ?
ನಕ್ಕ. ಆಟೋ ಸ್ಟಾರ್ಟ್ ಮಾಡಿದ.

ಸೆಖೆ. ಸ್ವಿಚ್ಚು ಒತ್ತುವ ಹಾಗಿಲ್ಲ,
ಒಳಗೆ ಯಾರೋ ಊಟ ಮಾಡುತ್ತಿದ್ದಾರೆ.
ಸೆರಗಿನಲ್ಲಿ ಬೆವರು ಒರೆಸಿಕೊಂಡು
ಮತ್ತೆ ತಿಗರಿ ತಿರುಗಿಸುತ್ತೇನೆ.